ಬಡಮಕ್ಕಳ ಓದಿಗೆ ಬೊಕ್ಕಸ ತೆರೆಸಿದ ಮೇಷ್ಟ್ರು

ಲಿಂಡನ್ ಜಾನ್ಸನ್ ಎಂದೊಡನೆ ನಮ್ಮ ಹಿರಿಯ ತಲೆಮಾರಿಗೆ ಎರಡು ಸಂಗತಿಗಳು ನೆನಪಾಗುತ್ತವೆ: ವಿಯೆಟ್ನಾಂ ಯುದ್ಧ ಮತ್ತು ಗೋಧಿ. 1965 ಮತ್ತು 1966ರ ಬರಗಾಲದಲ್ಲಿ ಭಾರತವು ಅಮೆರಿಕದ ಗೋಧಿಯನ್ನೇ ನೆಚ್ಚಿ ಕುಳಿತಿದ್ದಾಗ, ಅದನ್ನು ಒಮ್ಮೆಲೇ ಮಂಜೂರು ಮಾಡದೆ ತಿಂಗಳು ತಿಂಗಳಿಗೆ ಅಳೆದು ಕೊಟ್ಟ ಅಧ್ಯಕ್ಷರು ಇವರೇ. ಅದೇ ದಶಕದಲ್ಲಿ ಮೈಸೂರು ರಾಜ್ಯದ ಪ್ರಾಥಮಿಕ ಶಾಲೆಗಳಲ್ಲಿ ಕೇರ್ ಸಂಸ್ಥೆಯ ಉಪ್ಪಿಟ್ಟು ತಿಂದು, ಪುಡಿಹಾಲು ಕುಡಿದು ಬೆಳೆದವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಆದರೆ ಜಾನ್ಸನ್ ತಮ್ಮ ದೇಶದ ಬಡಮಕ್ಕಳಿಗಾಗಿ ಮಾಡಿದ ಒಂದು ಕಾರ್ಯ ನಮ್ಮಲ್ಲಿ ಅಷ್ಟಾಗಿ ಪರಿಚಿತವಲ್ಲ. ಓದಲು ತಡವರಿಸುವ ಮಕ್ಕಳಿಗೆ ಹೆಚ್ಚುವರಿ ಪಾಠ ಹೇಳಿಸುವುದಕ್ಕಾಗಿ ಕೇಂದ್ರದ ಬೊಕ್ಕಸದಿಂದ ವರ್ಷವರ್ಷವೂ ಬಡ ಶಾಲೆಗಳಿಗೆ ಹಣ ಹರಿಯುವಂತೆ ಮಾಡಿದ ಕಾಯಿದೆ ಅವರದು. ಶ್ವೇತಭವನ ಪ್ರವೇಶಿಸುವುದಕ್ಕೆ 35 ವರ್ಷ ಮುನ್ನ ಅವರು ಒಂದು ಬಡ ಶಾಲೆಯಲ್ಲಿ ಮೇಷ್ಟರಾಗಿದ್ದರು. ಆ ಕಾಯಿದೆಯ ಬೇರು ಅಲ್ಲಿದೆ.

ಜಾನ್ಸನ್ ಜನಿಸಿದ್ದು 1908ರ ಆಗಸ್ಟ್ 27ರಂದು, ಟೆಕ್ಸಸ್ ರಾಜ್ಯದ ಸ್ಟೋನ್‌ವಾಲ್ ಎಂಬ ಊರಿನ ಸಮೀಪ, ಪೆಡರ್ನಾಲೆಸ್ ನದಿಯ ದಡದ ಒಂದು ರೈತ ಮನೆಯಲ್ಲಿ. ತೆಳುವಾದ ಮಣ್ಣು, ಅದರಡಿ ಸುಣ್ಣದ ಕಲ್ಲು, ನೆಚ್ಚಲಾಗದ ಮಳೆ. ನಮ್ಮ ಬಯಲುಸೀಮೆಯವರಿಗೆ ಆ ನಾಡಿನ ಬೇಸಾಯದ ಪಾಡನ್ನು ವಿವರಿಸಿ ಹೇಳಬೇಕಾಗಿಲ್ಲ. ತಂದೆ ಸ್ಯಾಮ್ ಜಾನ್ಸನ್ ರಾಜ್ಯದ ಶಾಸನಸಭೆಯಲ್ಲಿ ಸದಸ್ಯರಾಗಿದ್ದವರು. ತಾಯಿ ರೆಬೆಕಾ ಕಾಲೇಜು ಕಲಿತವರು. ಊರಿನ ಮಕ್ಕಳಿಗೆ ವಾಚನ ಮತ್ತು ಭಾಷಣಕಲೆಯ ಪಾಠ ಹೇಳುತ್ತಿದ್ದರು. ಮಗನಿಗೆ ಇನ್ನೂ ನಾಲ್ಕು ವರ್ಷ ತುಂಬಿರುವಾಗಲೇ ಅವನು ಮನೆಯಿಂದ ತಪ್ಪಿಸಿಕೊಂಡು, ನೆಂಟರ ಮಕ್ಕಳೊಡನೆ ಆಡಲು ಹತ್ತಿರದ ಜಂಕ್ಷನ್ ಶಾಲೆಗೆ ಓಡಿಹೋಗುತ್ತಿದ್ದ. ದಾರಿಯಲ್ಲಿ ನದಿಯಿದೆ, ಏನಾದರೂ ಆದೀತೆಂಬ ಅಂಜಿಕೆ ತಾಯಿಗೆ. ಕೊನೆಗೆ ಅವನನ್ನು ಶಾಲೆಗೇ ಸೇರಿಸಿಕೊಳ್ಳಿರೆಂದು ಅವರು ಉಪಾಧ್ಯಾಯಿನಿಯನ್ನು ಕೇಳಿಕೊಂಡರು. ಒಂದೇ ಕೋಣೆಯ ಆ ಶಾಲೆಯ ಏಕೈಕ ಶಿಕ್ಷಕಿ ಕ್ಯಾಥರಿನ್ ಡೆಡ್ರಿಕ್. ಹುಡುಗ ಅವರ ತೊಡೆಯ ಮೇಲೆ ಕುಳಿತ ಹೊರತು ಪಾಠ ಒಪ್ಪಿಸುತ್ತಿರಲಿಲ್ಲವಂತೆ. 1912ರ ಈ ಕೆಲವು ತಿಂಗಳ ಶಾಲೆ ಮುಂದೆ ಅಮೆರಿಕದ ಶಿಕ್ಷಣ ಚರಿತ್ರೆಯಲ್ಲಿ ಹೆಸರು ಪಡೆಯಿತು.

ಮರುವರ್ಷ ಕುಟುಂಬ ಜಾನ್ಸನ್ ಸಿಟಿ ಎಂಬ ಪುಟ್ಟ ಪಟ್ಟಣಕ್ಕೆ ವಾಸ ಬದಲಿಸಿತು. 1920ರ ನಂತರ ಹತ್ತಿಯ ಬೆಲೆ ಕುಸಿದು ತಂದೆ ಸಾಲದಲ್ಲಿ ಮುಳುಗಿದರು. ನಿನ್ನೆಯವರೆಗೆ ಗೌರವ ಕೊಟ್ಟವರು ಇಂದು ಅಂಗಡಿಯಲ್ಲಿ ಉದ್ದರಿ ಕೊಡಲು ಹಿಂಜರಿಯುವುದನ್ನು ಬಾಲಕ ಕಣ್ಣಾರೆ ಕಂಡ. 1924ರಲ್ಲಿ ಹೈಸ್ಕೂಲು ಮುಗಿಸಿದ ಮೇಲೆ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಚಿಲ್ಲರೆ ಕೆಲಸಗಳನ್ನು ಮಾಡಿ, ಬರಿಗೈಯಲ್ಲಿ ಮರಳಿ, ಊರಿನ ರಸ್ತೆ ಕಾಮಗಾರಿಯಲ್ಲಿ ಕೂಲಿ ದುಡಿದ. 1927ರಲ್ಲಿ ಸಾಲ ಮಾಡಿ ಸ್ಯಾನ್ ಮಾರ್ಕೋಸ್ ಪಟ್ಟಣದ ಶಿಕ್ಷಕರ ಕಾಲೇಜು ಸೇರಿದ. ಅಲ್ಲಿ ಕಸ ಗುಡಿಸುವ ಕೆಲಸದಿಂದ ಆರಂಭಿಸಿ ಪ್ರಾಂಶುಪಾಲರ ಕಚೇರಿಯ ಗುಮಾಸ್ತೆಯ ತನಕ ಮೇಲೇರಿದರೂ ಹಣ ಸಾಲಲಿಲ್ಲ. ಒಂದು ವರ್ಷ ಓದು ನಿಲ್ಲಿಸಿ ನೌಕರಿ ಹಿಡಿಯುವುದು ಅನಿವಾರ್ಯವಾಯಿತು.

ಹೀಗೆ 1928ರ ಸೆಪ್ಟೆಂಬರಿನಲ್ಲಿ, ಇಪ್ಪತ್ತರ ಯುವಕ ಜಾನ್ಸನ್ ಕೊಟುಲ್ಲಾ ಎಂಬ ಊರಿನ ವೆಲ್‌ಹೌಸನ್ ಶಾಲೆಗೆ ಶಿಕ್ಷಕರಾಗಿ ಬಂದರು. ಮೆಕ್ಸಿಕೊ ಗಡಿಗೆ ನೂರು ಕಿಲೋಮೀಟರಿಗಿಂತ ತುಸು ಹೆಚ್ಚು ದೂರದ ಧೂಳಿನ ಊರು ಅದು. ಬಿಳಿಯರ ಮಕ್ಕಳಿಗೆ ಒಂದು ಶಾಲೆ, ಮೆಕ್ಸಿಕೊ ಮೂಲದವರ ಮಕ್ಕಳಿಗೆ ಇನ್ನೊಂದು. ವೆಲ್‌ಹೌಸನ್ ಎರಡನೆಯದು. ಹೊಲಗಳಲ್ಲಿ ಕೂಲಿ ಮಾಡುವವರ ಮಕ್ಕಳು ಬೆಳಗಿನ ಉಪಾಹಾರವಿಲ್ಲದೆ ಬರುತ್ತಿದ್ದರು. ಮಧ್ಯಾಹ್ನದ ಬುತ್ತಿಯೂ ಎಲ್ಲರ ಬಳಿ ಇರುತ್ತಿರಲಿಲ್ಲ. ಮನೆಯ ಮಾತು ಸ್ಪ್ಯಾನಿಷ್, ಪಾಠವೆಲ್ಲ ಇಂಗ್ಲಿಷ್. ಓದುವ ಹೊತ್ತಿಗೆ ಮಗುವಿಗೆ ಎದುರಾಗುತ್ತಿದ್ದ ತೊಡಕು ಅಕ್ಷರದ್ದು ಮಾತ್ರವಲ್ಲ, ಹಸಿವಿನದು ಮತ್ತು ಭಾಷೆಯದೂ ಆಗಿತ್ತು.

ತಿಂಗಳಿಗೆ 125 ಡಾಲರ್ ಸಂಬಳದ ಈ ಹೊಸ ಶಿಕ್ಷಕರಿಗೆ ಮುಖ್ಯೋಪಾಧ್ಯಾಯರ ಹೊಣೆಯೂ ಬಿದ್ದಿತ್ತು. ಅವರು ಮೇಲಿನ ತರಗತಿಗಳಿಗೆ ಪಾಠ ಮಾಡುತ್ತ, ಸಂಜೆ ಚರ್ಚಾಸ್ಪರ್ಧೆ, ಕಾಗುಣಿತ ಸ್ಪರ್ಧೆ, ಆಟೋಟಗಳನ್ನು ಏರ್ಪಡಿಸಿದರು. ಮೊದಲ ಸಂಬಳದಲ್ಲಿ ಮಕ್ಕಳಿಗೆ ಆಟದ ಸಾಮಾನು ಕೊಂಡರು. ಮಕ್ಕಳ ಹಲ್ಲುಜ್ಜಿಸಲು ಟೂತ್‌ಪೇಸ್ಟ್ ಕಳುಹಿಸಿಕೊಡುವಂತೆ ತಾಯಿಗೆ ಪತ್ರ ಬರೆದರು. ಕೇಳಿದ್ದು ಒಂದೆರಡಲ್ಲ, ಇನ್ನೂರು. ಶಾಲೆಯ ಜವಾನ ತೊಮಾಸ್ ಕೊರೊನಾಡೊ ಅವರಿಗೆ ಪುಸ್ತಕ ಕೊಡಿಸಿ, ತರಗತಿಗೆ ಮುನ್ನ ಹಾಗೂ ಶಾಲೆ ಬಿಟ್ಟ ಮೇಲೆ ಮೆಟ್ಟಿಲ ಮೇಲೆ ಕೂರಿಸಿ ಇಂಗ್ಲಿಷ್ ಕಲಿಸಿದರು.

ಇದೆಲ್ಲ ಪ್ರಶಂಸೆಗೆ ಅರ್ಹವಾದುದೇ. ಆದರೆ ಇನ್ನೊಂದು ಮುಖವೂ ಇದೆ. ಶಾಲೆಯ ಆವರಣದಲ್ಲಿ ಸ್ಪ್ಯಾನಿಷ್ ಮಾತನಾಡಿದ ಮಕ್ಕಳಿಗೆ ಜಾನ್ಸನ್ ಹೊಡೆಯುತ್ತಿದ್ದರು. ಇಂಗ್ಲಿಷ್ ಬಾರದ ಮಗುವಿಗೆ ಮುಂದೆ ದಾರಿಯಿಲ್ಲ ಎಂಬುದು ಅವರ ದೃಢ ನಂಬಿಕೆ, ಮತ್ತು ಆ ಕಾಲದ ಟೆಕ್ಸಸ್ಸಿನ ನಿಯಮವೂ ಅದೇ. ಮಗುವಿನ ಮಾತನ್ನೇ ಬಾಯಿಂದ ಕಿತ್ತುಕೊಂಡು ಓದು ಕಲಿಸಹೊರಟ ಈ ವಿಪರ್ಯಾಸವನ್ನು ನೆನಪಿಟ್ಟುಕೊಳ್ಳಬೇಕು. ನಲವತ್ತು ವರ್ಷಗಳ ನಂತರ ಅದು ಬೇರೊಂದು ರೂಪದಲ್ಲಿ ಅವರ ಮೇಜಿನ ಮೇಲೆ ಬಂದು ಕುಳಿತಿತು.

ಒಂದು ಶಾಲಾವರ್ಷ ಮುಗಿಸಿ ಜಾನ್ಸನ್ ಕಾಲೇಜಿಗೆ ಮರಳಿ 1930ರಲ್ಲಿ ಪದವಿ ಪಡೆದರು. ಹ್ಯೂಸ್ಟನ್ ನಗರದ ಹೈಸ್ಕೂಲಿನಲ್ಲಿ ಸ್ವಲ್ಪ ಕಾಲ ಚರ್ಚಾಕಲೆ ಕಲಿಸಿದರು. 1931ರಲ್ಲಿ ಕಾಂಗ್ರೆಸ್ ಸದಸ್ಯರೊಬ್ಬರ ಕಾರ್ಯದರ್ಶಿಯಾಗಿ ವಾಷಿಂಗ್ಟನ್ನಿಗೆ ಹೋದವರು ಮತ್ತೆ ತರಗತಿಯ ಕಡೆ ತಿರುಗಲಿಲ್ಲ. ಮುಂದಿನದು ರಾಜಕಾರಣದ ಏಣಿ. 1934ರಲ್ಲಿ ಲೇಡಿ ಬರ್ಡ್ ಎಂದೇ ಪ್ರಸಿದ್ಧರಾದ ಕ್ಲಾಡಿಯಾ ಟೇಲರ್ ಅವರೊಡನೆ ವಿವಾಹ, 1937ರಲ್ಲಿ ಪ್ರತಿನಿಧಿ ಸಭೆ, 1948ರಲ್ಲಿ ಪಕ್ಷದ ಒಳಚುನಾವಣೆಯನ್ನು ಬರೇ 87 ಮತಗಳಿಂದ, ಅದೂ ಇಂದಿಗೂ ಸಂಶಯ ತೀರದ ಮತಗಳಿಂದ ಗೆದ್ದು ಸೆನೆಟ್, 1955ರಲ್ಲಿ ಬಹುಮತ ಪಕ್ಷದ ನಾಯಕತ್ವ, 1961ರಲ್ಲಿ ಉಪಾಧ್ಯಕ್ಷತೆ. 1963ರ ನವೆಂಬರ್ 22ರಂದು ಕೆನೆಡಿ ಹತ್ಯೆಯಾದಾಗ ಅದೇ ದಿನ ಅವರು ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದರು.

ಅಮೆರಿಕದಲ್ಲಿ ಶಾಲೆಗಳ ಆಡಳಿತ ಸ್ಥಳೀಯ ಶಾಲಾ ಮಂಡಳಿಗಳದು. ಅವುಗಳ ವರಮಾನದ ಮುಖ್ಯ ಮೂಲ ಆಯಾ ಊರಿನ ಆಸ್ತಿ ತೆರಿಗೆ. ಊರು ಬಡವಾದರೆ ಶಾಲೆಯೂ ಬಡವು. ಶಾಲೆ ಬಡವಾದರೆ ಓದಲು ಹಿಂದುಳಿದ ಮಗುವಿನ ಪಕ್ಕದಲ್ಲಿ ಕುಳಿತು ತಿದ್ದುವ ಹೆಚ್ಚಿನ ಶಿಕ್ಷಕರಿಗೆ ಸಂಬಳ ಕೊಡುವವರಿಲ್ಲ. ಈ ಕೊರತೆಯನ್ನು ಕೇಂದ್ರ ಸರ್ಕಾರ ತುಂಬಲಿ ಎಂಬ ಬೇಡಿಕೆ ಹಳೆಯದು. ಎರಡನೆಯ ಮಹಾಯುದ್ಧದ ನಂತರ ಮಸೂದೆಗಳು ಮತ್ತೆ ಮತ್ತೆ ಬಂದವು, ಮತ್ತೆ ಮತ್ತೆ ಸತ್ತವು. ಕಾರಣ ಮೂರು. ಕೇಂದ್ರದ ಹಣದ ಹಿಂದೆ ಕೇಂದ್ರದ ಹಿಡಿತ ಬಂದೀತೆಂಬ ಭಯ ಮೊದಲನೆಯದು. ದಕ್ಷಿಣದ ರಾಜ್ಯಗಳಲ್ಲಿ ಕರಿಯರಿಗೂ ಬಿಳಿಯರಿಗೂ ಪ್ರತ್ಯೇಕ ಶಾಲೆಗಳಿದ್ದವು. ಅಂತಹ ಶಾಲೆಗೆ ಹಣವಿಲ್ಲ ಎಂಬ ಷರತ್ತು ಸೇರಿಸಿದೊಡನೆ ದಕ್ಷಿಣದ ಸದಸ್ಯರು ತಿರುಗಿಬೀಳುತ್ತಿದ್ದರು. ಮೂರನೆಯದು ಧರ್ಮ. ಕ್ಯಾಥೊಲಿಕ್ ಶಾಲೆಗಳಿಗೆ ಪಾಲು ಕೊಟ್ಟರೆ ಪ್ರೊಟೆಸ್ಟಂಟರ ಮತ್ತು ಶಿಕ್ಷಕರ ಸಂಘದ ವಿರೋಧ, ಕೊಡದಿದ್ದರೆ ಕ್ಯಾಥೊಲಿಕ್ ಸದಸ್ಯರ ವಿರೋಧ. 1961ರಲ್ಲಿ ಸ್ವತಃ ಕ್ಯಾಥೊಲಿಕರಾದ ಕೆನೆಡಿಯವರ ಮಸೂದೆಯೇ ಈ ಬಂಡೆಗೆ ಬಡಿದು ಒಡೆದಿತ್ತು.

ಜಾನ್ಸನ್ ಈ ಗಂಟುಗಳನ್ನು ಒಂದೊಂದಾಗಿ ಬಿಡಿಸಿದರು. 1964ರ ಜುಲೈನಲ್ಲಿ ಅವರು ಸಹಿ ಮಾಡಿದ ನಾಗರಿಕ ಹಕ್ಕುಗಳ ಕಾಯಿದೆ, ಭೇದಭಾವ ತೋರುವ ಯಾವ ಸಂಸ್ಥೆಗೂ ಕೇಂದ್ರದ ಹಣ ಸಲ್ಲದೆಂದು ವಿಧಿಸಿತು. ವರ್ಣದ ಪ್ರಶ್ನೆಯನ್ನು ಪ್ರತಿ ಶಿಕ್ಷಣ ಮಸೂದೆಯಲ್ಲಿಯೂ ಎತ್ತುವ ಅಗತ್ಯ ಅಲ್ಲಿಗೆ ಮುಗಿಯಿತು. ಅದೇ ವರ್ಷದ ಚುನಾವಣೆಯಲ್ಲಿ ಶೇಕಡಾ 61ರಷ್ಟು ಮತ ಗಳಿಸಿ ಅವರು ಗೆದ್ದಾಗ, ಪ್ರತಿನಿಧಿ ಸಭೆಯಲ್ಲಿ 295 ಮಂದಿ, ಸೆನೆಟ್ಟಿನಲ್ಲಿ 68 ಮಂದಿ ಅವರ ಪಕ್ಷದವರೇ ಆದರು. ಉಳಿದದ್ದು ಧರ್ಮದ ಗಂಟು. ಶಿಕ್ಷಣ ಆಯುಕ್ತ ಫ್ರಾನ್ಸಿಸ್ ಕೆಪೆಲ್ ಎರಡೂ ಬಣಗಳೊಡನೆ ತಿಂಗಳುಗಟ್ಟಲೆ ಮಾತುಕತೆ ನಡೆಸಿ ಒಂದು ದಾರಿ ಕಂಡುಕೊಂಡರು. ಹಣ ಶಾಲೆಗಲ್ಲ, ಬಡ ಮಗುವಿಗೆ. ಮಗು ಯಾವ ಶಾಲೆಯಲ್ಲಿದ್ದರೂ ಅದಕ್ಕೆ ಬೇಕಾದ ಹೆಚ್ಚುವರಿ ಪಾಠದ ಸೌಲಭ್ಯವನ್ನು ಸಾರ್ವಜನಿಕ ಶಾಲಾ ಮಂಡಳಿಯೇ ಒದಗಿಸತಕ್ಕದ್ದು.

ಈ ಕಾಯಿದೆಯ ಮೊದಲ ಭಾಗಕ್ಕೆ ಅಮೆರಿಕದ ಶಿಕ್ಷಕರು ಇಂದಿಗೂ ಟೈಟಲ್ ಒನ್ ಎನ್ನುತ್ತಾರೆ. ಅದರ ಲೆಕ್ಕ ಸರಳವಾಗಿತ್ತು. ವರ್ಷಕ್ಕೆ 2000 ಡಾಲರಿಗಿಂತ ಕಡಿಮೆ ಆದಾಯವಿರುವ ಕುಟುಂಬಗಳ ಶಾಲಾ ವಯಸ್ಸಿನ ಮಕ್ಕಳೆಷ್ಟು ಎಂದು ಎಣಿಸಿ, ಸರ್ಕಾರಿ ನೆರವು ಪಡೆಯುವ ಇನ್ನೂ ಕೆಲವು ಮಕ್ಕಳನ್ನು ಅದಕ್ಕೆ ಸೇರಿಸಿ, ಆ ರಾಜ್ಯವು ಒಬ್ಬ ವಿದ್ಯಾರ್ಥಿಗೆ ಸರಾಸರಿ ಮಾಡುವ ವೆಚ್ಚದ ಅರ್ಧದಿಂದ ಗುಣಿಸುವುದು. ರಾಜ್ಯದ ಸರಾಸರಿ 400 ಡಾಲರ್ ಆಗಿದ್ದರೆ ಒಂದು ಬಡ ಮಗುವಿನ ಲೆಕ್ಕಕ್ಕೆ 200 ಡಾಲರ್. ಬಡ ಕುಟುಂಬಗಳಿಲ್ಲದ ಜಿಲ್ಲೆ ಯಾವುದಿದ್ದೀತು? ದೇಶದ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜಿಲ್ಲೆಗಳಿಗೆ ಈ ಹಣ ತಲಪುವಂತಾಯಿತು. ಅಂದರೆ ಬಹುತೇಕ ಪ್ರತಿಯೊಬ್ಬ ಕಾಂಗ್ರೆಸ್ ಸದಸ್ಯನೂ ತನ್ನ ಕ್ಷೇತ್ರಕ್ಕೆ ಇಷ್ಟು ತಂದೆನೆಂದು ಹೇಳಿಕೊಳ್ಳಬಹುದಾಗಿತ್ತು. ಮಸೂದೆಯ ಗೆಲುವಿಗೆ ಇದೇ ಕಾರಣ. ಮುಂದೆ ಅದರ ದೌರ್ಬಲ್ಯಕ್ಕೂ ಇದೇ ಕಾರಣ. ಎಲ್ಲರಿಗೂ ಸ್ವಲ್ಪ ಸ್ವಲ್ಪ ಹಂಚಿದ ನೀರು ಒಣಗಿದ ಹೊಲವನ್ನು ತೋಯಿಸಲಾರದು.

1965ರ ಜನವರಿ 12ರಂದು ಜಾನ್ಸನ್ ಶಿಕ್ಷಣ ಕುರಿತ ಸಂದೇಶವನ್ನು ಕಾಂಗ್ರೆಸ್ಸಿಗೆ ಕಳುಹಿಸಿದರು. ಗೆದ್ದ ಅಧ್ಯಕ್ಷನ ಪ್ರಭಾವ ದಿನದಿನಕ್ಕೂ ಕರಗುತ್ತದೆಂಬುದು ಮೂರು ದಶಕ ಶಾಸನಸಭೆಯ ಮೊಗಸಾಲೆಯಲ್ಲಿ ಓಡಾಡಿದ ಅವರಿಗೆ ಚೆನ್ನಾಗಿ ಗೊತ್ತಿತ್ತು. ಸಹಾಯಕರನ್ನು ಹಗಲಿರುಳು ದುಡಿಸಿದರು. ಪ್ರತಿನಿಧಿ ಸಭೆಯಲ್ಲಿ ಕೆಂಟಕಿಯ ಕಾರ್ಲ್ ಪರ್ಕಿನ್ಸ್ ಮಸೂದೆ ಮಂಡಿಸಿದರು. ಮಾರ್ಚ್ 26ರಂದು ಅದು 263–153 ಮತಗಳಿಂದ ಅಂಗೀಕೃತವಾಯಿತು. ಸೆನೆಟ್ಟಿನಲ್ಲಿ ಹೊಣೆ ಹೊತ್ತ ಆರೆಗನ್ನಿನ ವೇಯ್ನ್ ಮೋರ್ಸ್ ಒಂದು ಅಕ್ಷರವನ್ನೂ ಬದಲಿಸಲು ಬಿಡಲಿಲ್ಲ. ಬದಲಿಸಿದರೆ ಎರಡೂ ಸದನಗಳ ಜಂಟಿ ಸಮಿತಿಗೆ ಹೋಗಬೇಕು, ಅಲ್ಲಿ ಹಳೆಯ ಜಗಳ ಮತ್ತೆ ಹೆಡೆಯೆತ್ತಬಹುದು. ಏಪ್ರಿಲ್ 9ರಂದು 73–18 ಮತಗಳಿಂದ ಅಲ್ಲಿಯೂ ಗೆಲುವಾಯಿತು. ಎರಡು ದಶಕ ಸಿಕ್ಕಿಬಿದ್ದಿದ್ದ ವಿಷಯ 87 ದಿನಗಳಲ್ಲಿ ಇತ್ಯರ್ಥವಾಗಿತ್ತು.

ಈ ನಡುವೆ ಮಾರ್ಚ್ 15ರ ರಾತ್ರಿ, ಸೆಲ್ಮಾ ಪಟ್ಟಣದಲ್ಲಿ ಕರಿಯರ ಮೇಲೆ ನಡೆದ ಪೊಲೀಸ್ ಹಲ್ಲೆಯ ಬೆನ್ನಿಗೆ, ಮತದಾನದ ಹಕ್ಕಿಗಾಗಿ ಕಾಂಗ್ರೆಸ್ಸನ್ನು ಉದ್ದೇಶಿಸಿ ಮಾತನಾಡುತ್ತ ಜಾನ್ಸನ್ ಕೊಟುಲ್ಲಾದ ಮಕ್ಕಳನ್ನು ನೆನೆದರು. ಹಸಿದು ಬರುತ್ತಿದ್ದ ಆ ಮಕ್ಕಳ ಮಕ್ಕಳಿಗೆ ನೆರವಾಗುವ ಅವಕಾಶ ತಮಗೆ ದೊರೆತೀತೆಂದು ಆಗ ಕನಸಿನಲ್ಲಿಯೂ ಎಣಿಸಿರಲಿಲ್ಲ, ಈಗ ದೊರೆತಿದೆ, ಬಳಸಿಕೊಳ್ಳದೆ ಬಿಡುವುದಿಲ್ಲ ಎಂಬುದು ಅವರ ಮಾತಿನ ತಾತ್ಪರ್ಯವಾಗಿತ್ತು.

ಏಪ್ರಿಲ್ 11ರ ಭಾನುವಾರ ಅವರು ಕಾಯಿದೆಗೆ ಸಹಿ ಹಾಕಿದ್ದು ವಾಷಿಂಗ್ಟನ್ನಿನಲ್ಲಲ್ಲ. ಪೆಡರ್ನಾಲೆಸ್ ದಡದ ಅದೇ ಜಂಕ್ಷನ್ ಶಾಲೆಯ ಅಂಗಳದಲ್ಲಿ, ಒಂದು ಮರದ ಮೇಜಿನ ಮೇಲೆ. ಪಕ್ಕದಲ್ಲಿ ಕುಳಿತಿದ್ದವರು ಅವರನ್ನು ತೊಡೆಯ ಮೇಲೆ ಕೂರಿಸಿಕೊಂಡು ಓದಿಸಿದ ಕ್ಯಾಥರಿನ್ ಡೆಡ್ರಿಕ್. ವೃದ್ಧಾಪ್ಯದಲ್ಲಿದ್ದ ಆ ಗುರುವನ್ನು ಕ್ಯಾಲಿಫೋರ್ನಿಯಾದಿಂದ ಕರೆಸಿದ್ದರು. ಕೊಟುಲ್ಲಾದ ಹಳೆಯ ವಿದ್ಯಾರ್ಥಿಗಳೂ ಬಂದಿದ್ದರು. ಪತ್ರಿಕೆಗಳ ಛಾಯಾಚಿತ್ರಕ್ಕೆಂದೇ ಹೊಂದಿಸಿದ ದೃಶ್ಯ ಅದೆಂದು ಟೀಕಿಸಿದವರಿದ್ದರು. ಜಾನ್ಸನ್ ಅವರಿಗೆ ಪ್ರದರ್ಶನದ ಗೀಳು ಇದ್ದದ್ದು ನಿಜ; ಆದರೆ ಆ ಮೇಜಿನ ಬಳಿ ಸೇರಿದ ಜನ ಮಾತ್ರ ಬಾಡಿಗೆಗೆ ತಂದವರಲ್ಲ.

ಮೊದಲ ವರ್ಷವೇ ಸುಮಾರು ನೂರು ಕೋಟಿ ಡಾಲರ್ ಶಾಲೆಗಳ ಕಡೆಗೆ ಹೊರಟಿತು. ಕಾಯಿದೆ ಶೈಕ್ಷಣಿಕವಾಗಿ ವಂಚಿತರಾದ ಮಕ್ಕಳ ವಿಶೇಷ ಅಗತ್ಯ ಎಂದಷ್ಟೇ ಹೇಳಿತ್ತು. ಅದನ್ನು ಹೇಗೆ ಪೂರೈಸುವುದೆಂಬುದು ಶಾಲಾ ಮಂಡಳಿಗಳಿಗೆ ಬಿಟ್ಟ ವಿಷಯ. ಹೆಚ್ಚಿನವು ಆರಿಸಿಕೊಂಡದ್ದು ಪ್ರಾಥಮಿಕ ತರಗತಿಗಳ ಓದನ್ನು. ಹಿಂದುಳಿದ ಐದಾರು ಮಕ್ಕಳನ್ನು ತರಗತಿಯಿಂದ ಹೊರಗೆ ಕರೆದೊಯ್ದು, ಪ್ರತ್ಯೇಕ ಕೋಣೆಯಲ್ಲಿ ಓದಿನ ಶಿಕ್ಷಕರು ಅಥವಾ ಸಹಾಯಕರು ಅರ್ಧ ಗಂಟೆ ಪಾಠ ಹೇಳುವುದು ಸಾಮಾನ್ಯ ಪದ್ಧತಿಯಾಯಿತು.

ಆದರೆ ಹಣ ಎಲ್ಲೆಡೆಯೂ ಆ ಕೋಣೆಯ ತನಕ ಬರಲಿಲ್ಲ. ಈ ಅಪಾಯವನ್ನು ಮೊದಲೇ ಊಹಿಸಿದವರು ರಾಬರ್ಟ್ ಕೆನೆಡಿ. ಇಬ್ಬರ ನಡುವೆ ಹಾವು ಮುಂಗುಸಿಯ ಹಗೆತನವಿದ್ದರೂ, ಸೆನೆಟ್ ಸದಸ್ಯರಾಗಿದ್ದ ಅವರು ಎತ್ತಿದ ಪ್ರಶ್ನೆ ನ್ಯಾಯವಾದದ್ದಾಗಿತ್ತು: ಬಡ ಮಗುವನ್ನು ಈವರೆಗೆ ಕಡೆಗಣಿಸಿದ ಶಾಲಾ ಮಂಡಳಿಗೇ ಹಣ ಕೊಟ್ಟರೆ ಅದು ಮಗುವಿನ ಓದಿಗೇ ಖರ್ಚಾಗುವುದೆಂಬ ಖಾತರಿ ಏನು? ಅವರ ಒತ್ತಾಯದಿಂದಲೇ ಪ್ರತಿವರ್ಷ ಫಲಿತಾಂಶದ ಮೌಲ್ಯಮಾಪನ ನಡೆಸುವ ವಿಧಿ ಕಾಯಿದೆಯಲ್ಲಿ ಸೇರಿತು. ಆದರೆ ಬಂದ ವರದಿಗಳಲ್ಲಿ ಅನೇಕವು ಹೊಗಳಿಕೆಯ ಕಾಗದಗಳಾಗಿದ್ದವು. 1966ರಲ್ಲಿ ಸಮಾಜವಿಜ್ಞಾನಿ ಜೇಮ್ಸ್ ಕೋಲ್ಮನ್ ಆರು ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿ ಹೊರತಂದ ವರದಿ ಇನ್ನೊಂದು ಪೆಟ್ಟು ಕೊಟ್ಟಿತು. ಕಟ್ಟಡ, ಸಲಕರಣೆಗಳ ವ್ಯತ್ಯಾಸಕ್ಕಿಂತ ಮನೆಯ ಸ್ಥಿತಿಯೇ ಕಲಿಕೆಯನ್ನು ಹೆಚ್ಚು ನಿರ್ಧರಿಸುತ್ತದೆಂದು ಅದು ಹೇಳಿತು. ಹಾಗಾದರೆ ಹಣ ಸುರಿದು ಏನು ಫಲ ಎಂದು ವಿರೋಧಿಗಳು ಕೇಳತೊಡಗಿದರು.

1969ರಲ್ಲಿ ನಾಗರಿಕ ಹಕ್ಕು ಸಂಘಟನೆಗಳು ಪ್ರಕಟಿಸಿದ ತನಿಖಾ ವರದಿ ಕೆನೆಡಿಯವರ ಅನುಮಾನವನ್ನು ನಿಜಮಾಡಿತು. ಬಡ ಮಗುವಿನ ಹೆಸರಿನ ಹಣದಲ್ಲಿ ಕೆಲವೆಡೆ ಈಜುಕೊಳಗಳು ಬಂದಿದ್ದವು. ಇನ್ನು ಕೆಲವೆಡೆ ಶಾಲಾ ಮಂಡಳಿಗಳು ತಾವು ಮಾಡಬೇಕಾದ ಮಾಮೂಲು ಖರ್ಚನ್ನೇ ಈ ಲೆಕ್ಕಕ್ಕೆ ದಾಟಿಸಿ, ತಮ್ಮ ಹಣವನ್ನು ಉಳಿಸಿಕೊಂಡಿದ್ದವು. ಮರುವರ್ಷ ಕಾಯಿದೆ ಬಿಗಿಯಾಯಿತು. ಕೇಂದ್ರದ ಹಣ ಸ್ಥಳೀಯ ಹಣಕ್ಕೆ ಸೇರ್ಪಡೆಯಾಗಬೇಕೇ ಹೊರತು ಬದಲಿಯಾಗಕೂಡದು ಎಂಬ ನಿಯಮ ಬಂತು. ಈ ಬಿಗಿ ಬೇರೊಂದು ತೊಡಕು ತಂದಿತು. ಹಣ ಅರ್ಹ ಮಕ್ಕಳಿಗೇ ಸಂದಿತೆಂದು ಲೆಕ್ಕಪರಿಶೋಧಕರಿಗೆ ತೋರಿಸಲು ಅತಿ ಸುಲಭದ ಉಪಾಯವೆಂದರೆ ಆ ಮಕ್ಕಳನ್ನು ತರಗತಿಯಿಂದ ಹೊರಗೆ ಕರೆದೊಯ್ಯುವುದು. ಹಾಗೆ ಹೊರಗೆ ಹೋದ ಮಗು ಒಳಗಿನ ಪಾಠವನ್ನು ಕಳೆದುಕೊಂಡಿತು. ಜೊತೆಯವರ ಕಣ್ಣಲ್ಲಿ ದಡ್ಡನೆಂಬ ಹೆಸರನ್ನೂ ಪಡೆಯಿತು. ಲೆಕ್ಕದ ಪುಸ್ತಕಕ್ಕೆ ಒಪ್ಪುವ ಪಾಠಕ್ರಮ ಮಗುವಿಗೆ ಒಪ್ಪಬೇಕೆಂದಿಲ್ಲ ಎಂಬುದನ್ನು ಅರಿತು ನಿಯಮ ಸಡಿಲಿಸಲು ಅಮೆರಿಕಕ್ಕೆ ಎರಡು ದಶಕಗಳೇ ಹಿಡಿದವು.

ಇತ್ತ ಜಾನ್ಸನ್ ಅವರ ಗಮನವನ್ನೂ ಬೊಕ್ಕಸವನ್ನೂ ವಿಯೆಟ್ನಾಂ ನುಂಗುತ್ತಿತ್ತು. ಅಮೆರಿಕದ ಮೊದಲ ಕಾಲಾಳು ಪಡೆ ದಾ ನಾಂಗ್ ತೀರದಲ್ಲಿ ಇಳಿದದ್ದು 1965ರ ಮಾರ್ಚ್ 8ರಂದು. ಅಂದರೆ ಶಿಕ್ಷಣ ಮಸೂದೆ ಪ್ರತಿನಿಧಿ ಸಭೆಯಲ್ಲಿ ಗೆಲ್ಲುವುದಕ್ಕೆ ಮೂರು ವಾರ ಮೊದಲು. ಅಲ್ಲಿಂದ ಮುಂದೆ ಯುದ್ಧದ ವೆಚ್ಚ ಏರಿತು, 1966ರ ಚುನಾವಣೆಯಲ್ಲಿ ಪಕ್ಷ ಪ್ರತಿನಿಧಿ ಸಭೆಯ 47 ಸ್ಥಾನಗಳನ್ನು ಕಳೆದುಕೊಂಡಿತು. ಟೈಟಲ್ ಒನ್ ಅನುದಾನ ನೂರು ಕೋಟಿಯ ಆಸುಪಾಸಿನಲ್ಲಿಯೇ ನಿಂತುಬಿಟ್ಟಿತು. ಬೆಲೆಗಳು ಮಾತ್ರ ನಿಲ್ಲಲಿಲ್ಲ. ಅವರ ಕಟು ಟೀಕಾಕಾರರು ಅಂದಿನಿಂದ ಇಂದಿನವರೆಗೂ ಹೇಳುವ ಮಾತಿದು, ಮತ್ತು ಇದನ್ನು ಅಲ್ಲಗಳೆಯುವುದು ಕಷ್ಟ: ಶಾಲೆ ಕಟ್ಟಲು ಹೊರಟ ಕೈಯೇ ಅದರ ಹಣವನ್ನು ಬಾಂಬಿಗೆ ಕೊಟ್ಟಿತು.

ಆದರೂ 1968ರ ಜನವರಿ 2ರಂದು ಅವರು ಇನ್ನೊಂದು ಕಾಗದಕ್ಕೆ ಸಹಿ ಹಾಕಿದರು. ಟೆಕ್ಸಸ್ಸಿನವರೇ ಆದ ಸೆನೆಟ್ ಸದಸ್ಯ ರಾಲ್ಫ್ ಯಾರ್ಬರೋ ಅವರ ಪ್ರಯತ್ನದ ಫಲವಾಗಿ, ದ್ವಿಭಾಷಾ ಶಿಕ್ಷಣ ವಿಧಿ ಕಾಯಿದೆಗೆ ಸೇರಿತು. ಇಂಗ್ಲಿಷ್ ಬಾರದ ಮಕ್ಕಳಿಗೆ ಅವರ ಮನೆಮಾತಿನ ನೆರವಿನಿಂದ ಪಾಠ ಹೇಳಲು ಮೊದಲ ಬಾರಿಗೆ ಕೇಂದ್ರದ ಹಣ ದೊರೆಯಿತು. ಸ್ಪ್ಯಾನಿಷ್ ಆಡಿದ ಮಕ್ಕಳಿಗೆ ಕೊಟುಲ್ಲಾದಲ್ಲಿ ಹೊಡೆದ ಶಿಕ್ಷಕರೇ ಅದಕ್ಕೆ ಒಪ್ಪಿಗೆಯ ಮುದ್ರೆ ಒತ್ತಿದರು. ಅದೇ ವರ್ಷ ಮಾರ್ಚ್ 31ರಂದು ತಾವು ಮತ್ತೆ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸುವುದಿಲ್ಲವೆಂದು ಘೋಷಿಸಿದರು. 1969ರ ಜನವರಿಯಲ್ಲಿ ಅಧಿಕಾರ ಬಿಟ್ಟು ಪೆಡರ್ನಾಲೆಸ್ ದಡದ ತೋಟಕ್ಕೆ ಮರಳಿದವರು 1973ರ ಜನವರಿ 22ರಂದು, ವಿಯೆಟ್ನಾಂ ಒಪ್ಪಂದದ ಘೋಷಣೆಗೆ ಒಂದು ದಿನ ಮುನ್ನ, ಹೃದಯಾಘಾತದಿಂದ ತೀರಿಕೊಂಡರು. ಆಗ ಅವರ ವಯಸ್ಸು 64. ಅವರ ಸಮಾಧಿ ಕುಟುಂಬದ ರುದ್ರಭೂಮಿಯಲ್ಲಿದೆ. ಜಂಕ್ಷನ್ ಶಾಲೆ ಅಲ್ಲಿಂದ ಅಷ್ಟೇನೂ ದೂರವಿಲ್ಲ.

ಕಾಯಿದೆ ಅವರ ನಂತರವೂ ಉಳಿಯಿತು, ಹೆಸರು ಬದಲಿಸುತ್ತ ಉಳಿಯಿತು. 1994ರಲ್ಲಿ, ಮಕ್ಕಳಲ್ಲಿ ಅರ್ಧದಷ್ಟು ಮಂದಿ ಬಡವರಾಗಿರುವ ಶಾಲೆ ಆ ಹಣವನ್ನು ಇಡೀ ಶಾಲೆಯ ಸುಧಾರಣೆಗೆ ಬಳಸಬಹುದೆಂದಾಯಿತು. 2002ರಲ್ಲಿ ಇನ್ನೊಬ್ಬ ಟೆಕ್ಸಸ್ಸಿನವರಾದ ಜಾರ್ಜ್ ಬುಷ್ ಸಹಿ ಮಾಡಿದ ತಿದ್ದುಪಡಿ ಆ ಮಿತಿಯನ್ನು ಶೇಕಡಾ 40ಕ್ಕೆ ಇಳಿಸಿತು. ಅದರೊಂದಿಗೆ ಬಡ ಶಾಲೆಗಳ ಮೊದಲ ಮೂರು ತರಗತಿಗಳಲ್ಲಿ ಓದು ಕಲಿಸುವುದಕ್ಕೆಂದೇ ರೀಡಿಂಗ್ ಫಸ್ಟ್ ಎಂಬ ಯೋಜನೆ ಬಂತು. ವರ್ಷಕ್ಕೆ ಸುಮಾರು ನೂರು ಕೋಟಿ ಡಾಲರ್ ಅದಕ್ಕೆ ಮೀಸಲಾಯಿತು. ಕೆಲವು ಪಠ್ಯಕ್ರಮಗಳ ಬಗ್ಗೆ ಅಧಿಕಾರಿಗಳು ಪಕ್ಷಪಾತ ತೋರಿದರೆಂಬ ಆಕ್ಷೇಪ 2006ರ ಸರ್ಕಾರಿ ತನಿಖೆಯಲ್ಲಿಯೇ ಕಂಡಿತು. 2008ರ ಮೌಲ್ಯಮಾಪನದಲ್ಲಿ, ಓದಿನ ಪಾಠಕ್ಕೆ ಕೊಡುವ ಸಮಯ ಹೆಚ್ಚಿದರೂ ಓದಿದ್ದನ್ನು ಗ್ರಹಿಸುವ ಶಕ್ತಿಯಲ್ಲಿ ಗಣನೀಯ ವ್ಯತ್ಯಾಸವಾಗಿಲ್ಲವೆಂದು ತಿಳಿಯಿತು. ಸ್ವಲ್ಪದರಲ್ಲಿಯೇ ಆ ಯೋಜನೆಯ ಹಣ ನಿಂತಿತು.

ಟೈಟಲ್ ಒನ್ ನಿಲ್ಲಲಿಲ್ಲ. 2015ರ ತಿದ್ದುಪಡಿ ಅದನ್ನು ಉಳಿಸಿಕೊಂಡಿತು. 2023ರಲ್ಲಿ ಅದಕ್ಕೆ ದೊರೆತ ಅನುದಾನ 1,800 ಕೋಟಿ ಡಾಲರ್ ಮೀರಿತ್ತು. 2024ರ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ನಾಲ್ಕನೆಯ ತರಗತಿಯ ಮಕ್ಕಳ ಪೈಕಿ ಶೇಕಡಾ 40ರಷ್ಟು ಮಂದಿ ಓದಿನ ಮೂಲಮಟ್ಟವನ್ನು ಮುಟ್ಟಿರಲಿಲ್ಲ.